ಬರೆದವಳು ನಾನು, ಅರ್ಧ ದುಡ್ಡು ಗ್ಯಾಲರಿಗೇಕೆ?

ಪ್ರಶ್ನೆ: ದೃಶ್ಯಕಲಾ ಕಾಲೇಜು ಮುಗಿಸಿ ನಾಲ್ಕು ವರ್ಷವಾಯಿತು. ದಾವಣಗೆರೆಯಲ್ಲಿ ಮನೆಯ ಮಹಡಿಯ ಕೋಣೆಯಲ್ಲೇ ಚಿತ್ರ ಬರೆಯುತ್ತೇನೆ. ಬೆಂಗಳೂರಿನ ಒಂದು ಗ್ಯಾಲರಿಯವರು ಪ್ರದರ್ಶನಕ್ಕೆ ಕರೆದಿದ್ದಾರೆ. ಮಾರಾಟವಾದರೆ ಅರ್ಧ ಹಣ ಅವರದಂತೆ. ತಿಂಗಳುಗಟ್ಟಲೆ ಕೂತು ಬರೆದವಳು ನಾನು, ಅವರದು ಬರೀ ಗೋಡೆ. ಒಪ್ಪಿಕೊಳ್ಳಲೇ?

ಉತ್ತರ: ನಾನು ಗ್ಯಾಲರಿ ಕಡೆಯವನು. ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡೇ ಮುಂದೆ ಓದಿ.

ಬರೀ ಗೋಡೆಯಾದರೆ ಒಪ್ಪಬೇಡಿ. ಗೋಡೆ ಬಾಡಿಗೆಗೆ ಸಿಗುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳನ್ನು ಬಾಡಿಗೆಗೆ ಹಿಡಿದು, ನೀವೇ ಮೊಳೆ ಹೊಡೆದು, ನೀವೇ ಆಹ್ವಾನಪತ್ರಿಕೆ ಹಂಚಿ, ದಿನವಿಡೀ ನೀವೇ ಕೂತು ಮಾರಬಹುದು. ಅದೂ ಬೇಡವೆಂದರೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಇದ್ದೇ ಇದೆ. ಅಲ್ಲಿ ಕೊಳ್ಳುವವರು ನೇರ ನಿಮ್ಮ ಎದುರೇ ನಿಲ್ಲುತ್ತಾರೆ. ಬಾಡಿಗೆಯನ್ನೂ ತೆಗೆದುಕೊಂಡು ಮಾರಾಟದಲ್ಲಿ ಅರ್ಧವನ್ನೂ ಕೇಳುವವರು ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ನಿಮ್ಮನ್ನು ಕರೆದವರು ಬಾಡಿಗೆ ಕೇಳಿಲ್ಲ ಎಂದುಕೊಳ್ಳುತ್ತೇನೆ. ಸಮಕಾಲೀನ ಕಲೆಯ ಗ್ಯಾಲರಿಗಳಲ್ಲಿ ಅರ್ಧರ್ಧ ಹಂಚಿಕೆ ಜಗತ್ತಿನ ಬಹುಕಡೆ ನಡೆದುಬಂದ ಪದ್ಧತಿ. ಆ ಅರ್ಧಕ್ಕೆ ಅವರು ಏನು ಮಾಡುತ್ತಾರೆ ಅನ್ನುವುದೇ ಪ್ರಶ್ನೆ.

ಚಿತ್ರ ತೂಗುಹಾಕುವುದು ಹೇಗಿರುತ್ತದೆ ಹೇಳುತ್ತೇನೆ. ಒಮ್ಮೆ ಒಬ್ಬ ಕಲಾವಿದರ ಹನ್ನೆರಡು ಚಿತ್ರ ಬಂದವು. ಎಲ್ಲವನ್ನೂ ಗೋಡೆಗೆ ಒರಗಿಸಿ ನೆಲದ ಮೇಲಿಟ್ಟು ಎರಡು ದಿನ ಬರೀ ನೋಡಿದೆವು. ಕೊನೆಗೆ ತೂಗಿದ್ದು ಏಳು. ಉಳಿದ ಐದು ಕೆಟ್ಟ ಚಿತ್ರಗಳಲ್ಲ. ಏಳು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದವು. ಕಲಾವಿದರು ಮುಖ ಊದಿಸಿಕೊಂಡು ಚಹಾ ಕುಡಿಯಲು ಹೋದರು. ಅಷ್ಟರಲ್ಲಿ ಬಾಗಿಲ ಎದುರಿಗಿದ್ದ ದೊಡ್ಡ ಚಿತ್ರವನ್ನು ಒಳಗಿನ ಗೋಡೆಗೆ ಒಯ್ದು, ಬಾಗಿಲ ಎದುರಿಗೆ ಅಂಗೈಯಗಲದ ಒಂದು ಚಿತ್ರ ಮಾತ್ರ ಇಟ್ಟೆವು. ವಾಪಸ್ ಬಂದವರು ಆ ಪುಟ್ಟ ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು, ತಾವೇ ಬರೆದದ್ದನ್ನು. ಕ್ಯುರೇಷನ್ ಅನ್ನುವ ಭಾರೀ ಪದದ ಒಳಗಿರುವುದು ಬಹುಪಾಲು ಇಂಥ ಕೆಲಸ: ಯಾವುದನ್ನು ಬಿಡಬೇಕು, ಯಾವುದರ ಪಕ್ಕ ಯಾವುದು, ನೋಡುವವರ ಕಾಲು ಎಲ್ಲಿ ನಿಲ್ಲಬೇಕು. ಆಮೇಲೆ ಟೇಪು, ರಸಮಟ್ಟ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 57 ಇಂಚು, ಅಂದರೆ ಐದಡಿಗೆ ಮೂರಿಂಚು ಕಡಿಮೆ. ಕಾಗದದ ಮೇಲಿನ ಕೆಲಸವಾದರೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ಮೀರದಂತೆ ನೋಡಿಕೊಳ್ಳಬೇಕು, ಜಲವರ್ಣ ಬೇಗ ಮಾಸುತ್ತದೆ. ಒಂದು ಮಳೆಗಾಲದಲ್ಲಿ ಪಸೆಯಾಡುತ್ತಿದ್ದ ಹೊರಗೋಡೆಗೆ ಕಾಗದದ ಚಿತ್ರಗಳನ್ನು ತೂಗಿ ನಾನೇ ಪೆಟ್ಟು ತಿಂದಿದ್ದೇನೆ. ಮೂರನೇ ವಾರಕ್ಕೆ ಗಾಜಿನ ಒಳಗೆ ಬೂಸಲು. ಆ ನಷ್ಟ ಗ್ಯಾಲರಿಯ ಲೆಕ್ಕಕ್ಕೇ ಬಂತು, ಬರಬೇಕಾದದ್ದೇ.

ಕಣ್ಣಿಗೆ ಕಾಣದ ಕೆಲಸ ಇನ್ನೊಂದಿದೆ. ಪ್ರದರ್ಶನ ಮುಗಿದು ಎಂಟು ತಿಂಗಳಾದ ಮೇಲೂ ಸಂಗ್ರಾಹಕರೊಬ್ಬರಿಗೆ ನಿಮ್ಮ ಹೆಸರು ನೆನಪಿಸುವುದು, ಬೇರೆ ಊರಿನ ಕ್ಯುರೇಟರ್ ಬಂದಾಗ ನಿಮ್ಮ ಚಿತ್ರಗಳ ಕಡತ ತೆರೆದಿಡುವುದು. ಮುಂಬೈಯ ಗ್ಯಾಲರಿ ಮಾಲೀಕ ಕೇಕೂ ಗಾಂಧಿ ಕಲಾವಿದರನ್ನು ಜನರ ಕಣ್ಣಿಗೆ ಬೀಳಿಸುವ ಈ ಕೆಲಸವನ್ನು ಗ್ಯಾಲರಿ ಇಲ್ಲದಾಗಲೇ ಶುರು ಮಾಡಿದವರು. ಅವರದು ಕೆಮೌಲ್ಡ್ ಎಂಬ ಚೌಕಟ್ಟಿನ ವ್ಯಾಪಾರ. ಚೌಕಟ್ಟಿನ ಅಂಗಡಿಯ ಕಿಟಕಿಯಲ್ಲೇ ಆಗಿನ್ನೂ ಯುವಕರಾಗಿದ್ದ ಕೆ.ಎಚ್. ಆರಾ, ಎಂ.ಎಫ್. ಹುಸೇನ್, ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಅವರಂಥವರ ಚಿತ್ರ ಇಡುತ್ತಿದ್ದರು. ಗ್ಯಾಲರಿ ಕೆಮೌಲ್ಡ್ ಶುರುವಾದದ್ದು ಆಮೇಲೆ, 1963ರಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿಯ ಮೊದಲ ಮಹಡಿಯಲ್ಲಿ.

ಇನ್ನು ದುಡ್ಡು. ಚಿತ್ರದ ಬೆಲೆ 1,00,000 ಅನ್ನೋಣ. ನಿಮಗೆ 50,000. ಆದರೆ ಚೌಕಟ್ಟಿನ ಖರ್ಚು ಯಾರದು? ದಾವಣಗೆರೆಯಿಂದ ಟೆಂಪೊ ಬಾಡಿಗೆ? ಇವೆರಡನ್ನೂ ನಿಮ್ಮ ಪಾಲಿನಿಂದ ಮುರಿದುಕೊಂಡರೆ ಅರ್ಧ ಅರ್ಧವಾಗಿ ಉಳಿಯುವುದಿಲ್ಲ. ರಿಯಾಯಿತಿಯದು ಇನ್ನೊಂದು ತರ್ಲೆ. ಪರಿಚಯದ ಗಿರಾಕಿ ಶೇ 10 ಬಿಡಿ ಅಂದರೆ 90,000 ಆಯಿತು. ಇಬ್ಬರಿಗೂ 45,000 ಬಂದರೆ ಸರಿ. ಗ್ಯಾಲರಿ ತನ್ನ 50,000 ಇಟ್ಟುಕೊಂಡು ನಿಮ್ಮ ಕೈಗೆ 40,000 ಇಟ್ಟರೆ ಅದು ಮೋಸ. ರಿಯಾಯಿತಿ ಎಷ್ಟರವರೆಗೆ, ಯಾರ ಪಾಲಿನಿಂದ ಎಂದು ಮೊದಲೇ ಕೇಳಿ.

ನಿಮ್ಮ ಕಡೆಯ ತಪ್ಪೂ ಒಂದಿದೆ, ಬಹಳ ಜನ ಮಾಡುತ್ತಾರೆ. ಗ್ಯಾಲರಿಯಲ್ಲಿ ಲಕ್ಷ ಅಂದ ಚಿತ್ರದಂಥದ್ದೇ ಇನ್ನೊಂದನ್ನು ಮನೆಯಲ್ಲಿ ಐವತ್ತು ಸಾವಿರಕ್ಕೆ ಕೊಟ್ಟುಬಿಡುವುದು. ಹೇಗಿದ್ದರೂ ಕೈಗೆ ಬರುವುದು ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ ಲಕ್ಷ ಕೊಟ್ಟವರಿಗೆ ಅದು ಗೊತ್ತಾದ ದಿನ ನಿಮ್ಮ ಬೆಲೆ ಐವತ್ತೇ. ಎಲ್ಲಿ ಮಾರಿದರೂ ಒಂದೇ ದರವಿರಲಿ.

ಹಕ್ಕಿನ ವಿಷಯ ಚುಟುಕಾಗಿ: ಚಿತ್ರ ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ (ಕಾಪಿರೈಟ್) ಹೋಗುವುದಿಲ್ಲ. ಬರೆದುಕೊಟ್ಟರಷ್ಟೇ ಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಂತೆ ಮೂಲ ಚಿತ್ರ ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲೂ ಕಲಾವಿದರಿಗೆ ಪಾಲುಂಟು, ಗರಿಷ್ಠ ಶೇ 10. ಯಾರಾದರೂ ತಾವಾಗಿ ಕರೆದು ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಹಾಗಾಗಿ ಅರ್ಧ ಅನ್ನುವುದಕ್ಕೆ ಬೆಚ್ಚಬೇಡಿ, ಕಾಗದವಿಲ್ಲದ ಅರ್ಧಕ್ಕೆ ಬೆಚ್ಚಿ. ಟೆಂಪೊ ಹತ್ತಿಸುವ ಮೊದಲು ಗ್ಯಾಲರಿಯ ಸಹಿಯಿರುವ ಒಂದು ಹಾಳೆ ಕೈಯಲ್ಲಿರಲಿ: ಪ್ರತಿ ಚಿತ್ರದ ಹೆಸರು, ಅಳತೆ, ಮಾಧ್ಯಮ, ಬೆಲೆ, ನಿಮ್ಮ ಪಾಲು, ಮಾರಾಟವಾಗಿ ಎಷ್ಟು ದಿನಕ್ಕೆ ಹಣ, ಮಾರದಿದ್ದರೆ ಎಂದು ವಾಪಸ್, ದಾರಿಯಲ್ಲಿ ಹಾಳಾದರೆ ಯಾರ ಜವಾಬ್ದಾರಿ. ಚಿತ್ರದ ಬೆನ್ನಿಗೆ ಸಹಿ, ವರ್ಷ ಹಾಕಿ, ಮುಂದಿನದೂ ಹಿಂದಿನದೂ ಫೋಟೊ ತೆಗೆದಿಟ್ಟುಕೊಳ್ಳಿ. ತೈಲವರ್ಣವಾದರೆ ಬಬಲ್ ಹಾಳೆಯನ್ನು ನೇರ ಬಣ್ಣದ ಮೇಲೆ ಸುತ್ತಬೇಡಿ, ಗುಳ್ಳೆಯ ಗುರುತು ಹಾಗೇ ಕೂತುಬಿಡುತ್ತದೆ. ನಡುವೆ ಬಟರ್ ಪೇಪರ್ ಇರಲಿ.