ಪದ ಪರಿಚಯ: ಯುದ್ಧದ ಮಬ್ಬು

2022ರ ಮಾರ್ಚ್ ತಿಂಗಳ ಮೊದಲ ದಿನ. ಸಂಜೆ ನಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಸುತ್ತ ಐದಾರು ಜನ ಸೇರಿದ್ದೆವು. ಎಲ್ಲರ ಮೊಬೈಲಿನಲ್ಲೂ ಒಂದೇ ಫೋಟೋ. ಮ್ಯಾಕ್ಸರ್ ಎಂಬ ಅಮೆರಿಕದ ಕಂಪನಿಯ ಉಪಗ್ರಹ ತೆಗೆದದ್ದು. ಯುಕ್ರೇನಿನ ರಾಜಧಾನಿ ಕೀವ್‌ನ ಉತ್ತರಕ್ಕೆ, ರಸ್ತೆಯುದ್ದಕ್ಕೂ ರಷ್ಯಾದ ಟ್ಯಾಂಕು, ಲಾರಿ, ಫಿರಂಗಿ. ಸಾಲಿನ ಉದ್ದ ಸುಮಾರು 64 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ಹತ್ತತ್ತಿರ ತುಮಕೂರಿನವರೆಗೆ ಲಾರಿಗಳು ಒಂದರ ಹಿಂದೊಂದು ನಿಂತ ಹಾಗೆ.

‘ಮುಗೀತು ಸಾರ್. ಇನ್ನು ಎರಡೇ ದಿನ’ ಅಂದರು ಒಬ್ಬರು. ಬ್ಯಾಂಕಿನಿಂದ ನಿವೃತ್ತರಾದವರು. ಇನ್ನೊಬ್ಬರು ಕೀವ್ ಹತ್ತಿರದ ಹೋಸ್ಟೊಮೆಲ್ ವಿಮಾನ ನಿಲ್ದಾಣ ಯಾಕೆ ಮುಖ್ಯ ಅಂತ ವಿವರಿಸಿದರು. ವಾರದ ಹಿಂದೆ ಆ ಹೆಸರನ್ನೇ ಅವರು ಕೇಳಿರಲಿಲ್ಲ. ನಾನೇನು ಕಮ್ಮಿ? ಮೂರು ದಿನ ಹಿಡಿಯಬಹುದು ಅಂದೆ.

ಆ ಸಾಲು ಕೀವ್ ಮುಟ್ಟಲೇ ಇಲ್ಲ. ಡೀಸೆಲ್ ಸಾಲದೆ, ಕೆಸರಿಗಿಳಿಯಲಾಗದೆ, ಯುಕ್ರೇನಿನವರ ಏಟು ತಿನ್ನುತ್ತಾ ರಸ್ತೆಯಲ್ಲೇ ನಿಂತಿತು. ಆಮೇಲೆ ಚದುರಿತು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾದ ಪಡೆಗಳು ಕೀವ್ ಸುತ್ತಲಿನ ಪ್ರದೇಶವನ್ನೇ ಬಿಟ್ಟು ಹೋಗಿದ್ದವು. ತಮಾಷೆ ಏನಪ್ಪಾ ಅಂದ್ರೆ, ನಾವು ನೋಡಿದ ಫೋಟೋ ಸುಳ್ಳಾಗಿರಲಿಲ್ಲ. ಅಳತೆಯೂ ಹೆಚ್ಚುಕಡಿಮೆ ಸರಿಯೇ. ಆದರೂ ನಾವು ಹೇಳಿದ್ದೆಲ್ಲ ತಪ್ಪಾಯಿತು. ಹೀಗಾಗುವುದಕ್ಕೆ ಒಂದು ಹೆಸರಿದೆ. ಇಂಗ್ಲಿಷಿನಲ್ಲಿ ‘ಫಾಗ್ ಆಫ್ ವಾರ್’. ನಾನು ಅದನ್ನು ‘ಯುದ್ಧದ ಮಬ್ಬು’ ಅನ್ನುತ್ತೇನೆ.

‘ಯುದ್ಧದ ಮಂಜು’ ಅಂತಲೂ ಅನ್ನಬಹುದು, ನಿಘಂಟಿಗೆ ಅದೇ ಹತ್ತಿರ. ಆದರೆ ಮಂಜು ಅಂದರೆ ನಮಗೆ ಮಡಿಕೇರಿ, ಸ್ವೆಟರು, ಬಿಸಿ ಕಾಫಿ. ಮಬ್ಬು ಹಾಗಲ್ಲ. ‘ಮಬ್ಬಿನಲ್ಲೇ ಎದ್ದು ಹೊಲಕ್ಕೆ ಹೋದ’ ಅಂತೀವಿ, ಅದು ಬೆಳಕು ಹರಿಯುವ ಮೊದಲಿನ ಹೊತ್ತು. ‘ಇನ್ನೂ ನಿದ್ದೆಯ ಮಬ್ಬು ಇಳಿದಿಲ್ಲ’ ಅಂತಲೂ ಅಂತೀವಿ, ಅದು ತಲೆಯೊಳಗಿನದು. ಹೊರಗಿನ ಅರೆಬೆಳಕು, ಒಳಗಿನ ಮಂಕು ಎರಡೂ ಒಂದೇ ಪದದಲ್ಲಿವೆ. ಈ ವಿಷಯಕ್ಕೆ ಎರಡೂ ಬೇಕು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಈ ಮಾತಿನ ಮೂಲ ಕಾರ್ಲ್ ಫಾನ್ ಕ್ಲೌಸೆವಿಟ್ಸ್ ಎಂಬ ಪ್ರಶ್ಯದ (ಜರ್ಮನ್ನರ ಹಳೆಯ ರಾಜ್ಯ) ಸೇನಾಧಿಕಾರಿಯ ಬರವಣಿಗೆ. ಕೂತಲ್ಲೇ ತತ್ವ ಹೊಸೆದವನಲ್ಲ ಆತ. 12ನೇ ವಯಸ್ಸಿಗೇ ಸೈನ್ಯ ಸೇರಿದವನು. 1806ರಲ್ಲಿ ನೆಪೋಲಿಯನ್ ಎದುರು ಸೋತು ಸೆರೆಸಿಕ್ಕವನು. 1812ರಲ್ಲಿ ರಷ್ಯಾದ ಕಡೆ ಸೇರಿ ಅದೇ ನೆಪೋಲಿಯನ್ ವಿರುದ್ಧ ನಿಂತವನು. 1831ರಲ್ಲಿ ಕಾಲರಾ ಬಂದು ತೀರಿಕೊಂಡ. ಯುದ್ಧದ ಬಗ್ಗೆ ಬರೆದಿಟ್ಟಿದ್ದ ಹಾಳೆಗಳನ್ನು ಒಪ್ಪಮಾಡಿ 1832ರಿಂದ ಅಚ್ಚು ಹಾಕಿಸಿದ್ದು ಹೆಂಡತಿ ಮರೀ.

‘ಫಾಗ್ ಆಫ್ ವಾರ್’ ಎಂಬ ನುಡಿಗಟ್ಟನ್ನು ಆತ ಬಳಸಿಯೇ ಇಲ್ಲ, ಅದು ಆಮೇಲೆ ಬಂದದ್ದು. ಆತ ಹೇಳಿದ್ದು ಇಷ್ಟು: ಯುದ್ಧದಲ್ಲಿ ಯಾವುದನ್ನು ನಂಬಿ ಹೆಜ್ಜೆ ಇಡುತ್ತೇವೋ ಅದರ ನಾಲ್ಕರಲ್ಲಿ ಮೂರು ಪಾಲು ಮಂಜಿನೊಳಗಿರುತ್ತದೆ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಆತನ ಇನ್ನೊಂದು ಮಾತು. ಮಂಜಿನಲ್ಲೋ ಬೆಳದಿಂಗಳಿನಲ್ಲೋ ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿ, ವಿಕಾರವಾಗಿ ಕಾಣುತ್ತವೆ, ಯುದ್ಧದಲ್ಲೂ ಹಾಗೇ ಅನ್ನುತ್ತಾನೆ.

ಮುಖ್ಯ ಸಂಗತಿ ಇದೇ ಅಂತ ನನಗನಿಸುತ್ತದೆ. ಮಬ್ಬು ಅಂದರೆ ಏನೂ ಕಾಣದಿರುವುದಲ್ಲ. ಪೂರ್ತಿ ಕತ್ತಲಾದರೆ ಮನುಷ್ಯ ಹುಷಾರಾಗಿರುತ್ತಾನೆ, ತಡವಿಕೊಂಡು ನಡೆಯುತ್ತಾನೆ. ತೊಂದರೆ ಇರುವುದು ಅರೆಬೆಳಕಿನಲ್ಲಿ. ಚಿಕ್ಕವನಿದ್ದಾಗ ಮೊದಲ ಬಸ್ಸಿಗೆ ಅಂತ ಮಬ್ಬಿನಲ್ಲಿ ಊರಿನಿಂದ ರಸ್ತೆಗೆ ನಡೆದು ಬರುತ್ತಿದ್ದೆವು. ದಾರಿಯಲ್ಲಿ ಒಂದು ಮೋಟುಮರ. ದಿನಾ ನೋಡುವ ಮರವೇ. ಆದರೂ ಆ ಹೊತ್ತಿನಲ್ಲಿ ಯಾರೋ ಕಂಬಳಿ ಹೊದ್ದು ನಿಂತ ಹಾಗೇ ಕಾಣುತ್ತಿತ್ತು. ಕಣ್ಣು ಕೊಟ್ಟದ್ದು ಒಂದು ಕಪ್ಪು ಆಕಾರ ಮಾತ್ರ. ಕಂಬಳಿ ಹೊದಿಸಿದ್ದು ತಲೆ.

ಆ 64 ಕಿಲೋಮೀಟರ್ ಸಾಲಿಗೂ ನಾವು ಕಂಬಳಿ ಹೊದಿಸಿದ್ದೆವು. ಫೋಟೋದಲ್ಲಿ ಲಾರಿಗಳಿದ್ದವು. ಟ್ಯಾಂಕಿಯಲ್ಲಿ ಎಷ್ಟು ಡೀಸೆಲ್ ಇದೆ, ಟೈರು ಹೇಗಿದೆ, ಡ್ರೈವರ್ ಊಟ ಮಾಡಿ ಎಷ್ಟು ಹೊತ್ತಾಯಿತು, ಇವೆಲ್ಲ ಫೋಟೋದಲ್ಲಿರಲಿಲ್ಲ. ಬರುತ್ತಿರುವ ಸಾಲಿಗೂ ಸಿಕ್ಕಿಹಾಕಿಕೊಂಡ ಸಾಲಿಗೂ ಮೇಲಿನಿಂದ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ, ಅಲ್ವಾ?

ಸ್ಟ್ರಾಟಜಿ ಗೇಮ್ ಆಡುವ ಮಕ್ಕಳಿಗೂ ಈ ಪದ ಗೊತ್ತು. ಅಲ್ಲಿ ನಕ್ಷೆಯ ಕಾಣದ ಭಾಗ ಕಪ್ಪಗಿರುತ್ತದೆ, ಒಬ್ಬ ಸೈನಿಕನನ್ನು ಕಳಿಸಿದರೆ ತಿಳಿಯಾಗುತ್ತದೆ. ನಿಜವಾದ ಯುದ್ಧದಲ್ಲಿ ಹೋಗಿ ನೋಡಿದವನೂ ತಪ್ಪು ಸುದ್ದಿ ತರಬಹುದು.

ಒಂದು ಹಳೆಯ ಉದಾಹರಣೆ ಕೊಡುತ್ತೇನೆ. 1854ರ ಸೆಪ್ಟೆಂಬರ್ 20ರಂದು ಕ್ರೈಮಿಯಾದ ಆಲ್ಮಾ ನದಿಯ ದಡದಲ್ಲಿ ಬ್ರಿಟನ್, ಫ್ರಾನ್ಸ್, ತುರ್ಕಿಯ ಸೇನೆಗಳು ರಷ್ಯಾವನ್ನು ಸೋಲಿಸಿದವು. ಇದು ನಿಜ. ಮುಂದಿನ ಗುರಿ ಸೆವಾಸ್ತೊಪೋಲ್ ಕೋಟೆ. ಇದೂ ನಿಜ. ಕೆಲವೇ ದಿನಗಳಲ್ಲಿ ಒಬ್ಬ ತಾತಾರ್ ಓಲೆಕಾರನ ಮೂಲಕ ಬುಕಾರೆಸ್ಟ್ ಕಡೆಗೆ ಸುದ್ದಿ ಬಂತು, ಸೆವಾಸ್ತೊಪೋಲ್ ಬಿತ್ತು ಅಂತ. ಅಲ್ಲಿಂದ ವಿಯೆನ್ನಾ, ಪ್ಯಾರಿಸ್, ಲಂಡನ್. ಪತ್ರಿಕೆಗಳು ಅಚ್ಚು ಹಾಕಿದವು, ಜನ ಸಂಭ್ರಮಪಟ್ಟರು. ಕೋಟೆ ನಿಜವಾಗಿ ಬಿದ್ದದ್ದು 1855ರ ಸೆಪ್ಟೆಂಬರಿನಲ್ಲಿ. ಹತ್ತಿರ ಹತ್ತಿರ ಒಂದು ವರ್ಷ ಆದ ಮೇಲೆ! ಓಲೆಕಾರ ತಂದದ್ದು ಜನರಿಗೆ ಬೇಕಾಗಿದ್ದ ಸುದ್ದಿ. ಹಾಗಾಗಿ ಅದು ಅಷ್ಟು ಬೇಗ ಓಡಿತು.

ಹಾಗಾದರೆ ದೂರದಲ್ಲಿ ಕೂತವನಿಗೆ ಏನೂ ತಿಳಿಯುವುದೇ ಇಲ್ಲವಾ? ಹಾಗೇನಿಲ್ಲ. ಕಾರ್ಲ್ ಮಾರ್ಕ್ಸ್‌ನ ಗೆಳೆಯ ಫ್ರೆಡ್ರಿಕ್ ಎಂಗೆಲ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. 1870ರಲ್ಲಿ ಫ್ರಾನ್ಸ್‌ಗೂ ಪ್ರಶ್ಯಕ್ಕೂ ಯುದ್ಧ ಹತ್ತಿತು. ಎಂಗೆಲ್ಸ್ ಇಂಗ್ಲೆಂಡಿನಲ್ಲಿ ಕೂತು, ನಕ್ಷೆ ಹರಡಿಕೊಂಡು, ಲಂಡನ್ನಿನ ಪತ್ರಿಕೆಯೊಂದಕ್ಕೆ ಹೆಸರು ಹಾಕದೆ ಬರೆಯುತ್ತಿದ್ದ. ಫ್ರಾನ್ಸಿನ ಮಕ್‌ಮಹಾನ್ ಸೇನೆ ಬೆಲ್ಜಿಯಂ ಗಡಿಯ ಮೂಲೆಯಲ್ಲಿ ಸಿಕ್ಕಿಬಿದ್ದು ಶರಣಾಗಬೇಕಾದೀತು ಅಂತ ಆಗಸ್ಟ್ ಕೊನೆಯಲ್ಲಿ ಬರೆದ. ಸೆಪ್ಟೆಂಬರ್ 2ರಂದು ಸೆಡಾನಿನಲ್ಲಿ ಹಾಗೇ ಆಯಿತು. ಮಾರ್ಕ್ಸ್ ಮನೆಯವರು ಆತನಿಗೆ ‘ಜನರಲ್’ ಅಂತಲೇ ಹೆಸರಿಟ್ಟರು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಆದರೆ ನಾಲ್ಕು ವರ್ಷ ಹಿಂದೆ, 1866ರಲ್ಲಿ, ಇದೇ ಎಂಗೆಲ್ಸ್ ಇದೇ ರೀತಿ ಪ್ರಶ್ಯ-ಆಸ್ಟ್ರಿಯಾ ಯುದ್ಧದ ಬಗ್ಗೆ ಮ್ಯಾಂಚೆಸ್ಟರಿನ ಪತ್ರಿಕೆಗೆ ಬರೆದಿದ್ದ. ಪ್ರಶ್ಯದವರು ಸೇನೆಯನ್ನು ಎರಡು ಭಾಗ ಮಾಡಿ ಬೇರೆಬೇರೆ ದಾರಿಯಲ್ಲಿ ಕಳಿಸಿದ್ದು ದೊಡ್ಡ ತಪ್ಪು ಅಂದ. ಆ ಮಾತಿನ ಬಿಸಿ ಆರುವ ಮೊದಲೇ, ಜುಲೈ 3ರಂದು, ಆ ಎರಡೂ ಭಾಗಗಳು ಕೋನಿಗ್ರೇಟ್ಸ್‌ನಲ್ಲಿ ಕೂಡಿ ಆಸ್ಟ್ರಿಯಾವನ್ನು ಒಂದೇ ದಿನದಲ್ಲಿ ಬಗ್ಗುಬಡಿದವು. ಅದೇ ಮನುಷ್ಯ, ಅದೇ ಬುದ್ಧಿ, ಅದೇ ನಕ್ಷೆ. ಒಂದು ಸಲ ಜನರಲ್, ಇನ್ನೊಂದು ಸಲ ನಮ್ಮ ಪಾರ್ಕಿನ ಬೆಂಚು.

ಈಗ ಕಾಲ ಬದಲಾಗಿದೆ ನಿಜ. 2022ರ ಫೆಬ್ರವರಿ 24ರ ನಸುಕು, ಅಲ್ಲಿನ ಸಮಯ ಮೂರು ಕಾಲು. ಅಮೆರಿಕದ ಸಂಶೋಧಕ ಜೆಫ್ರಿ ಲೂಯಿಸ್ ಮತ್ತು ಸಂಗಡಿಗರು ಗೂಗಲ್ ಮ್ಯಾಪ್ಸ್ ನೋಡುತ್ತಿದ್ದರು. ರಷ್ಯಾದ ಬೆಲ್ಗೊರೊಡ್‌ನಿಂದ ಯುಕ್ರೇನ್ ಗಡಿಗೆ ಹೋಗುವ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ತೋರಿಸುತ್ತಿತ್ತು. ಆ ಹೊತ್ತಿನಲ್ಲಿ ಯಾವ ಆಫೀಸಿಗೆ ಹೋಗುವ ಗದ್ದಲ? ಸೇನೆ ಹೊರಟಿದೆ ಅಂತ ಅವರು ಊಹಿಸಿದರು. ಕೆಲವೇ ಗಂಟೆಗಳಲ್ಲಿ ದಾಳಿ ಶುರುವಾಯಿತು. ಇಲ್ಲೊಂದು ಸೂಕ್ಷ್ಮ ಇದೆ. ಆ ಕೆಂಪು ಗೆರೆ ಸೈನಿಕರ ಫೋನಿನಿಂದ ಬಂದದ್ದಲ್ಲದೆ ಇರಬಹುದು, ಸೇನೆ ರಸ್ತೆ ತಡೆದದ್ದರಿಂದ ಸಿಕ್ಕಿಕೊಂಡ ಸಾಮಾನ್ಯ ಕಾರುಗಳದ್ದು ಇರಬೇಕು ಅಂತ ಲೂಯಿಸ್ ಅವರೇ ಹೇಳಿದರು. ಅದೂ ಅಲ್ಲದೆ ಅವರು ಗೆರೆ ಒಂದನ್ನೇ ನಂಬಿರಲಿಲ್ಲ. ಅದೇ ಜಾಗದಲ್ಲಿ ಸೇನೆ ಬೀಡುಬಿಟ್ಟಿದ್ದನ್ನು ಉಪಗ್ರಹ ಚಿತ್ರದಲ್ಲಿ ಮೊದಲೇ ನೋಡಿದ್ದರು.

ಹೀಗೆ ಎಲ್ಲರಿಗೂ ಸಿಗುವ ಮಾಹಿತಿಯನ್ನೇ ಜೋಡಿಸಿ ನೋಡುವುದಕ್ಕೆ ಓಸಿಂಟ್ ಅನ್ನುತ್ತಾರೆ. ನಾಸಾದ ಫರ್ಮ್ಸ್ ಎಂಬ ನಕ್ಷೆಯೂ ಇದರಲ್ಲಿ ಒಂದು. ಅದನ್ನು ಮಾಡಿದ್ದು ಕಾಡ್ಗಿಚ್ಚು ಗುರುತಿಸಲಿಕ್ಕೆ. ಪಂಜಾಬಿನ ರೈತರು ಭತ್ತದ ಕೂಳೆ ಸುಟ್ಟರೆ ಅದರಲ್ಲಿ ಚುಕ್ಕಿ ಬೀಳುತ್ತದೆ. ಯುಕ್ರೇನಿನಲ್ಲಿ ಫಿರಂಗಿ ಗುಂಡು ಬಿದ್ದು ಬೆಂಕಿ ಹತ್ತಿದರೂ ಅದೇ ಚುಕ್ಕಿ. ಚುಕ್ಕಿಗೆ ಎರಡೂ ಒಂದೇ.

ಅಂದರೆ ಹಿಂದೆ ಸುದ್ದಿ ಸಾಲದೆ ಮಬ್ಬು ಕವಿಯುತ್ತಿತ್ತು, ಈಗ ಸುದ್ದಿ ಜಾಸ್ತಿಯಾಗಿ ಕವಿಯುತ್ತದೆ. ಜತೆಗೆ ಬೇಕಂತಲೇ ಹೊಗೆ ಹಾಕುವವರೂ ಇದ್ದಾರೆ. ‘ಕೀವ್‌ನ ಭೂತ’ ಅಂತ ಒಬ್ಬ ಪೈಲಟ್ ಶತ್ರು ವಿಮಾನಗಳನ್ನು ಒಂದರ ಮೇಲೊಂದು ಉರುಳಿಸಿದ ಅಂತ ಸುದ್ದಿ ಹರಡಿತ್ತಲ್ಲ, ಅದರ ಜತೆ ಬಂದ ವಿಡಿಯೋ ಒಂದು ಕಂಪ್ಯೂಟರ್ ಗೇಮಿನದು. ಅಂಥ ಒಬ್ಬ ಪೈಲಟ್ ಇಲ್ಲ, ಅದೊಂದು ದಂತಕತೆ ಅಂತ ಯುಕ್ರೇನಿನ ವಾಯುಸೇನೆಯೇ ಏಪ್ರಿಲ್ ಕೊನೆಗೆ ಹೇಳಿತು. ಯುಕ್ರೇನಿನ ಸ್ನೇಕ್ ದ್ವೀಪದಲ್ಲಿ ಸತ್ತರು ಅಂತ ಆ ದೇಶದ ಅಧ್ಯಕ್ಷರೇ ಹೇಳಿದ್ದ ಕಾವಲುಗಾರರು ಸೆರೆಯಲ್ಲಿ ಬದುಕಿದ್ದರು. ನಮ್ಮಲ್ಲೇನು ಕಮ್ಮಿಯಾ? 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ಸಂಘರ್ಷ ನಡೆದಾಗ ಒಂದು ರಾತ್ರಿ ಎಷ್ಟು ಟಿವಿ ಚಾನೆಲ್ಲುಗಳು ಕರಾಚಿ ಬಂದರನ್ನು ಸ್ಟುಡಿಯೋದಲ್ಲಿ ಕೂತೇ ಸುಟ್ಟುಹಾಕಿದವು! ಬೆಳಗ್ಗೆ ಬಂದರು ಇದ್ದಲ್ಲೇ ಇತ್ತು.

ನಮ್ಮ ಮಹಾಭಾರತಕ್ಕೆ ಈ ಮಬ್ಬು ಚೆನ್ನಾಗಿ ಗೊತ್ತು. ದೂರದ ಯುದ್ಧ ಅಂದ ತಕ್ಷಣ ಎಲ್ಲರೂ ಧೃತರಾಷ್ಟ್ರ, ಸಂಜಯ ಅಂತಾರೆ. ನನಗೆ ನೆನಪಾಗುವುದು ದ್ರೋಣ. ‘ಅಶ್ವತ್ಥಾಮ ಸತ್ತ’ ಎಂಬ ಕೂಗು ಕಿವಿಗೆ ಬಿದ್ದಾಗ ಆತ ತಕ್ಷಣ ನಂಬಲಿಲ್ಲ. ಸುಳ್ಳು ಹೇಳದವನು ಯಾರು ಅಂತ ಯೋಚಿಸಿ ಧರ್ಮರಾಯನನ್ನೇ ಕೇಳಿದ. ಇವತ್ತಿನ ಮಾತಿನಲ್ಲಿ ಫ್ಯಾಕ್ಟ್ ಚೆಕ್ ಮಾಡಿದ. ಉತ್ತರದಲ್ಲಿ ಅಶ್ವತ್ಥಾಮ ಮಾತ್ರ ಕೇಳಿಸಿತು, ಆನೆ ಕೇಳಿಸಲಿಲ್ಲ. ರಣರಂಗದ ನಡುವೆ ನಿಂತಿದ್ದ, ಧನುರ್ವಿದ್ಯೆಯ ಗುರುವಿಗೇ ಹೀಗಾಯಿತು.

ತಲೆಯೊಳಗಿನ ಮಬ್ಬು ಎಷ್ಟು ಕೆಟ್ಟದ್ದು ಅನ್ನುವುದಕ್ಕೆ 2021ರ ಆಗಸ್ಟ್ 29ರ ಕಾಬೂಲ್ ನೋಡಬೇಕು. ಮೂರು ದಿನ ಹಿಂದೆ ವಿಮಾನ ನಿಲ್ದಾಣದಲ್ಲಿ ಆತ್ಮಾಹುತಿ ಬಾಂಬ್ ಸಿಡಿದು 13 ಅಮೆರಿಕನ್ ಸೈನಿಕರು, ನೂರಕ್ಕೂ ಹೆಚ್ಚು ಆಫ್ಘನ್ನರು ಸತ್ತಿದ್ದರು. ಇನ್ನೊಂದು ದಾಳಿ ಬರುತ್ತದೆ ಎಂಬ ಭಯ. ಅಮೆರಿಕದ ಡ್ರೋನುಗಳು ಒಂದು ಬಿಳಿ ಟೊಯೋಟಾ ಕಾರನ್ನು ಸುಮಾರು ಎಂಟು ಗಂಟೆ ಹಿಂಬಾಲಿಸಿದವು. ಕಾರಿಗೆ ಡಬ್ಬಗಳನ್ನು ತುಂಬುತ್ತಿದ್ದದ್ದು ಕಂಡಿತು. ಸ್ಫೋಟಕ ಅಂದುಕೊಂಡು ಕ್ಷಿಪಣಿ ಬಿಟ್ಟರು. ಡಬ್ಬದಲ್ಲಿದ್ದದ್ದು ನೀರು. ಸತ್ತವರು 10 ಜನ, ಅದರಲ್ಲಿ 7 ಮಕ್ಕಳು. ತಪ್ಪಾಯಿತು ಅಂತ ಅಮೆರಿಕ ಒಪ್ಪಿಕೊಂಡದ್ದು ಸೆಪ್ಟೆಂಬರ್ 17ರಂದು. ಅಲ್ಲಿ ಹೊರಗೆ ಮಂಜೇನೂ ಇರಲಿಲ್ಲ. ಇಂಥ ಕಡೆಯಲ್ಲೆಲ್ಲ ‘ಯುದ್ಧದ ಮಬ್ಬು’ ಅಂದುಬಿಟ್ಟು ಕೈತೊಳೆದುಕೊಳ್ಳುವ ಅಭ್ಯಾಸವೂ ಇದೆ. ಈ ಪದದ ಅತಿ ಕೆಟ್ಟ ಬಳಕೆ ಅದೇ.

ಮತ್ತೆ ಪಾರ್ಕಿಗೆ ಬರುತ್ತೇನೆ. ಆ ಮಾರ್ಚ್ 1ರಂದೇ ಖಾರ್ಕಿವ್‌ನಲ್ಲಿ ದಿನಸಿಗೆ ಅಂತ ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮರುದಿನ ಭಾರತದ ರಾಯಭಾರ ಕಚೇರಿ ಸೂಚನೆ ಹೊರಡಿಸಿತು. ಖಾರ್ಕಿವ್‌ನಲ್ಲಿರುವ ಭಾರತೀಯರೆಲ್ಲ ಕೂಡಲೇ ಊರು ಬಿಡಬೇಕು. ವಾಹನ ಸಿಗದಿದ್ದರೆ ನಡೆದಾದರೂ ಹೋಗಬೇಕು. ಅಲ್ಲಿನ ಸಮಯ ಸಂಜೆ 6ರೊಳಗೆ ಪೆಸೋಚಿನ್, ಬಬಾಯೆ, ಬೆಜ್ಲ್ಯುದಿವ್ಕಾ ಈ ಮೂರರಲ್ಲಿ ಯಾವುದಾದರೂ ಒಂದನ್ನು ಸೇರಬೇಕು. 6 ಅಂದರೆ ನಮ್ಮ ರಾತ್ರಿ ಒಂಬತ್ತೂವರೆ.

ಆ ಸಂಜೆ ಬೆಂಚಿನ ತುದಿಯಲ್ಲಿ ಒಬ್ಬರು ಕೂತಿದ್ದರು. ನಾಲ್ಕೈದು ದಿನದಿಂದ ಬರುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವರ ತಂಗಿಯ ಮಗ ಅಲ್ಲಿ ಓದುತ್ತಿದ್ದ ಅಂತ ನಮಗೆ ಗೊತ್ತಾದದ್ದೇ ಆವತ್ತು. ನಾವು ಕೀವ್‌ನ ಸಾಲು ಎಲ್ಲಿಗೆ ಬಂತು ಅಂತ ವಾದ ಮಾಡುತ್ತಿದ್ದೆವು. ಅವರು ಮೊಬೈಲ್ ಮುಂದೆ ಹಿಡಿದು, ‘ಸಾರ್, ಈ ಪೆಸೋಚಿನ್ ಅನ್ನೋದು ಎಲ್ಲಿ ಬರುತ್ತೆ? ನಡೆದು ಹೋಗೋಕೆ ಆಗುತ್ತಾ?’ ಅಂದರು.

ಬೆಂಚಿನ ಜನರಲ್ಲುಗಳು ಯಾರಿಗೂ ಗೊತ್ತಿರಲಿಲ್ಲ. ಬ್ಯಾಂಕಿನವರು ಕನ್ನಡಕ ಹಾಕಿಕೊಂಡು ಸೂಚನೆಯನ್ನು ಮತ್ತೊಮ್ಮೆ ಓದಿದರು. ‘ಇಲ್ಲೇ ಬರೆದಿದ್ದಾರೆ ನೋಡಿ, 11 ಕಿಲೋಮೀಟರ್’ ಅಂದರು.