ಹದಿನಾರರ ಹೊಸ್ತಿಲಲ್ಲಿ: ಶಾಲೆಯೋ, ಕಾಲೇಜೋ?

"ಮೇಡಂ, ಇದೇ ಸ್ಕೂಲಲ್ಲಿ ಸಿಕ್ಸ್ತ್ ಫಾರ್ಮ್ ಇದೆಯಲ್ಲ, ಕಾಲೇಜಿಗೆ ಯಾಕೆ ಕಳಿಸಬೇಕು?" ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಓದಿನ ದಾರಿ ಹೇಳುವ ಕೆಲಸ ನನ್ನದು. ಸಿಕ್ಸ್ತ್ ಫಾರ್ಮ್ ಎಂದರೆ ಹದಿನಾರರ ನಂತರದ ಎರಡು ವರ್ಷದ ಓದು, ನಮ್ಮ ಪಿಯು ಇದ್ದಂತೆ. ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್ಇ ಪರೀಕ್ಷೆಯ ವರ್ಷ ಬಂತೆಂದರೆ ನಮ್ಮ ಕನ್ನಡದ ಮನೆಗಳಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಕಾಲೇಜಿಗೆ ಹೋದವರೇ ಇಲ್ಲಿ ಕಾಲೇಜು ಎಂದರೆ ಹಿಂಜರಿಯುತ್ತಾರೆ. ಯೂನಿಫಾರ್ಮ್ ಇಲ್ಲ, ಮೇಷ್ಟ್ರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಮಗು ಎಲ್ಲಿ ದಾರಿ ತಪ್ಪುತ್ತದೋ ಎಂಬ ಅಂಜಿಕೆ.

ಆ ಎರಡು ವರ್ಷದ ಓದಾದ ಎ ಲೆವೆಲ್ ಎಲ್ಲಿ ಓದಿದರೂ ಅದೇ ಎ ಲೆವೆಲ್. ಪ್ರಶ್ನೆಪತ್ರಿಕೆ ಹೊರಗಿನ ಪರೀಕ್ಷಾ ಮಂಡಳಿಯದು. ವಿಶ್ವವಿದ್ಯಾಲಯದ ಅರ್ಜಿಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆಯ ಲೆಕ್ಕದಲ್ಲಿ ಎ ದರ್ಜೆಗೆ 48 ಅಂಕ, ಬಿಗೆ 40. ಶಾಲೆಯಲ್ಲಿ ಓದಿದರೆಂದು ಒಂದಂಕವೂ ಹೆಚ್ಚು ಸಿಗದು.

ವ್ಯತ್ಯಾಸ ಇರುವುದು ವೇಳಾಪಟ್ಟಿಯಲ್ಲಿ. ಎಂಜಿನಿಯರಿಂಗ್ ಆಸೆಯ ಹುಡುಗಿಯೊಬ್ಬಳು ತನ್ನ ಶಾಲೆಯ ವಿಷಯಪಟ್ಟಿ ತಂದು ನನ್ನ ಮೇಜಿನ ಮೇಲೆ ಹರಡಿದಳು. ಭೌತಶಾಸ್ತ್ರ, ಕಂಪ್ಯೂಟರ್ ಎರಡೂ ಒಂದೇ ಬ್ಲಾಕಿನಲ್ಲಿ, ಅಂದರೆ ಒಂದೇ ವೇಳೆಗೆ ಇದ್ದವು, ಒಂದನ್ನು ಬಿಡಲೇಬೇಕು. ಹೆಚ್ಚುವರಿ ಗಣಿತದ ವಿಷಯವಾದ ಫರ್ದರ್ ಮ್ಯಾಥ್ಸ್‌ಗೆ ನಾಲ್ಕೇ ಮಕ್ಕಳು, ತರಗತಿ ನಡೆದರೆ ನಡೆಯಿತು. ಪೆನ್ಸಿಲಿನಲ್ಲಿ ಗೆರೆ ಎಳೆದು ಎಳೆದು ಅವಳ ಕಾಗದವೇ ಸವೆದಿತ್ತು. ದೊಡ್ಡ ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ ಒಂದೊಂದು ವಿಷಯಕ್ಕೂ ಹಲವು ತರಗತಿಗಳಿರುವುದರಿಂದ ಇಂಥ ಜೋಡಣೆ ಸುಲಭ. ಅವಳಿಗೆ ನಾನು ಕಾಲೇಜನ್ನೇ ಹೇಳಿದೆ.

ಹಾಗೆಂದು ಎಲ್ಲರಿಗೂ ಹೇಳುವುದಿಲ್ಲ. ಬಿಡುವಿನ ಗಂಟೆ ಸಿಕ್ಕರೆ ಪುಸ್ತಕ ಮುಚ್ಚುವ, ಒಬ್ಬರು ಬೆನ್ನ ಹಿಂದೆ ಇದ್ದರೆ ಮಾತ್ರ ಓದುವ ಮಗುವಿಗೆ ಐದು ವರ್ಷದಿಂದ ಬಲ್ಲ ಟೀಚರೇ ಆಸರೆ. ಅಂಥವರನ್ನು ಶಾಲೆಯಲ್ಲೇ ಉಳಿಸಿ.

ಕಸುಬಿನ ಶಿಕ್ಷಣವನ್ನೂ ಕೊಡುವ ಫರ್ದರ್ ಎಜುಕೇಶನ್ ಕಾಲೇಜುಗಳನ್ನು ಕೀಳಾಗಿ ಕಾಣುವುದು ನನಗೆ ನೋವು ತರುತ್ತದೆ. ಅಲ್ಲಿ ಕಲಿಸುವ, 2020ರಲ್ಲಿ ಶುರುವಾದ ಕಸುಬಿನ ಕೋರ್ಸ್ ಟಿ ಲೆವೆಲ್‌ನಲ್ಲಿ ಕನಿಷ್ಠ 315 ಗಂಟೆ ನಿಜವಾದ ಕೆಲಸದ ಜಾಗದಲ್ಲಿ ಕಲಿಯುತ್ತಾರೆ. ಆದರೆ ಎಲ್ಲ ಪದವಿಗಳೂ ಅದನ್ನು ಒಪ್ಪುವುದಿಲ್ಲ. ಬೇಕಾದ ವಿಶ್ವವಿದ್ಯಾಲಯದ ಪ್ರವೇಶ ನಿಯಮ ಮೊದಲೇ ಓದಿಕೊಳ್ಳಿ.

ಪೋಷಕರಿಗೆ ಶಾಲೆ, ಕಾಲೇಜು ತೋರಿಸುವ ಓಪನ್ ಈವ್ನಿಂಗ್‌ಗೆ ಹೋದಾಗ ಕಟ್ಟಡ ನೋಡುತ್ತಾ ನಿಲ್ಲಬೇಡಿ. ಹನ್ನೆರಡನೇ ವರ್ಷಕ್ಕೆ (ಇಯರ್ 12, ಸಿಕ್ಸ್ತ್ ಫಾರ್ಮಿನ ಮೊದಲ ವರ್ಷ) ಈ ವಿಷಯ ಸೇರಿದವರಲ್ಲಿ ಎಷ್ಟು ಜನ ಹದಿಮೂರರ ಕೊನೆಗೆ ಪರೀಕ್ಷೆ ಬರೆದರು ಎಂದು ಕೇಳಿ. ವೈದ್ಯಕೀಯ, ಆಕ್ಸ್‌ಫರ್ಡ್, ಕೇಂಬ್ರಿಜ್ ಅರ್ಜಿಗಳಿಗೆ ಹದಿಮೂರನೇ ವರ್ಷದ ಅಕ್ಟೋಬರ್ ಮಧ್ಯದಲ್ಲೇ ಗಡುವು. ಮಗುವನ್ನು ಒಂದೇ ವರ್ಷ ಕಂಡ ಕಾಲೇಜು ಶಿಫಾರಸು ಪತ್ರವನ್ನು ಹೇಗೆ ಸಿದ್ಧಮಾಡುತ್ತದೆ ಎಂದೂ ಕೇಳಿ. ಬಸ್ಸಿನ ಖರ್ಚು ಲೆಕ್ಕಹಾಕಿ, 16ರ ನಂತರ ಉಚಿತ ಪ್ರಯಾಣ ತಾನಾಗಿ ಸಿಗುವುದಿಲ್ಲ.

ಎರಡೂ ಕಡೆ ಅರ್ಜಿ ಹಾಕಿಡಿ. ಆಗಸ್ಟ್‌ನಲ್ಲಿ ಫಲಿತಾಂಶ ಬಂದ ಮೇಲೆ ನಿರ್ಧರಿಸಬಹುದು. ಸೆಪ್ಟೆಂಬರ್ ಎರಡನೇ ವಾರದಲ್ಲಿ ಮಗ, "ಅಮ್ಮಾ, ಇಲ್ಲಿ ಆಗ್ತಿಲ್ಲ" ಅಂದರೆ ಅವತ್ತು ಸಂಜೆಯೇ ಕೂತು ಕೇಳಿ. ಆಗಿನ್ನೂ ಬದಲಾಯಿಸಲು ದಾರಿ ಇರುತ್ತದೆ. ದಸರಾ ಕಳೆದು ದೀಪಾವಳಿ ಬರುವ ಹೊತ್ತಿಗೆ ಪಾಠ ಬಹಳ ಮುಂದೆ ಹೋಗಿರುತ್ತದೆ.