ಒಡಲೊಳಗಿನ ಡಾಬು

ಬೇಲೂರಿನ ಹತ್ತಿರದ ನನ್ನ ತವರಿನಲ್ಲಿ ಬಾಣಂತಿ ಎಣ್ಣೆನೀರು ಮುಗಿಸಿ ಬಂದ ಕೂಡಲೇ ಹಳೆಯ ನೂಲಿನ ಸೀರೆಯಿಂದ ಹೊಟ್ಟೆ ಕಟ್ಟುತ್ತಾರೆ. ನನಗೆ ಕಟ್ಟಿದವರು ಅಜ್ಜಿ. "ಉಸಿರು ಬಿಡು ಪುಟ್ಟಿ" ಎನ್ನುತ್ತಾ, ನಾನು ಉಸಿರು ಬಿಟ್ಟಾಗಲೇ ಒಂದೊಂದು ಸುತ್ತು ಬಿಗಿಯುತ್ತಿದ್ದರು. ಆ ಸೀರೆಗಿಂತ ಆ ಉಸಿರೇ ದೊಡ್ಡದೆಂದು ತಿಳಿದದ್ದು ಎರಡನೆಯ ಬಾಣಂತನದಲ್ಲಿ, ಹಾಸನದ ಫಿಸಿಯೋಥೆರಪಿಸ್ಟ್ ಒಬ್ಬರಿಂದ.

ಬಸಿರಿಗೆ ಮೊದಲು ಗರ್ಭಕೋಶ ಸುಮಾರು 60-70 ಗ್ರಾಂ ತೂಗುತ್ತದೆ. ದಿನ ತುಂಬುವ ಹೊತ್ತಿಗೆ, ಕೂಸಿನ ತೂಕ ಬಿಟ್ಟು, ಅದೊಂದೇ ಸುಮಾರು ಒಂದು ಕಿಲೋ ಆಗುತ್ತದೆ. 20ನೇ ವಾರಕ್ಕೆ ಹೊಕ್ಕುಳ ಮಟ್ಟಕ್ಕೆ, 36ನೇ ವಾರಕ್ಕೆ ಎದೆಗೂಡಿನ ಅಂಚಿಗೆ ಏರುತ್ತದೆ. ಹೊಟ್ಟೆಯ ಮುಂಭಾಗದಲ್ಲಿ ಉದ್ದಕ್ಕೆ ಇಳಿಯುವ ಎರಡು ಸ್ನಾಯುಗಳ ನಡುವೆ ಬಿಳಿಯ ನಾರಿನ ಪಟ್ಟಿಯೊಂದಿದೆ. ವೈದ್ಯರು ಲಿನಿಯಾ ಆಲ್ಬಾ ಎನ್ನುತ್ತಾರೆ. ಒಳಗಿನಿಂದ ಒತ್ತಡ ಬಿದ್ದಂತೆ ಅದು ಅಗಲವಾಗಿ, ತೆಳುವಾಗಿ ಎರಡು ಸ್ನಾಯುಗಳನ್ನೂ ದೂರ ಸರಿಸುತ್ತದೆ. ಹರಿಯುವುದಿಲ್ಲ, ಹಿಗ್ಗುತ್ತದೆ. ಕೊನೆಯ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಬಸುರಿಯರಲ್ಲೂ ಹೀಗಾಗುತ್ತದೆ.

ಆದ್ದರಿಂದ ಹೆರಿಗೆಯಾಗಿ ವಾರ ಕಳೆದರೂ ಐದು ತಿಂಗಳ ಬಸುರಿಯಂತೆ ಕಾಣುವ ಹೊಟ್ಟೆಯನ್ನು ಬೊಜ್ಜು ಎನ್ನಬೇಡಿ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಇಳಿಯಲು ಸುಮಾರು 6 ವಾರ ಬೇಕು. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ಲೋಟದಲ್ಲಿ ಅಳೆದು ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೀರು ಸಾಲದೆ ಮಲ ಗಟ್ಟಿಯಾದರೆ ಅವಳು ತಿಣುಕಬೇಕು; ಆ ತಿಣುಕಾಟವೇ ತೆಳುವಾದ ಪಟ್ಟಿಯನ್ನು ಮತ್ತೆ ಹೊರಕ್ಕೆ ತಳ್ಳುತ್ತದೆ.

ಹೊಟ್ಟೆಯ ಅತ್ಯಂತ ಒಳಪದರದ ಸ್ನಾಯು ನಡುವನ್ನು ಡಾಬಿನಂತೆ ಅಡ್ಡಲಾಗಿ ಸುತ್ತಿಕೊಂಡಿದೆ. ಉಸಿರನ್ನು ಪೂರ್ತಿ ಹೊರಬಿಟ್ಟಾಗ ಅದು ಬಿಗಿಯುತ್ತದೆ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಉಸಿರು ಬಿಡುತ್ತಾ ಮೂತ್ರ ತಡೆಹಿಡಿಯುವಂತೆ ಕೆಳಭಾಗವನ್ನು ಮೇಲಕ್ಕೆಳೆದು ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಗೆಳೆದುಕೊಳ್ಳಬೇಕು. ಐದು ಎಣಿಸಿ ಬಿಡಬೇಕು. ಇಷ್ಟೇ. ಸಹಜ ಹೆರಿಗೆಯಾಗಿ ನೋವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಶುರುಮಾಡಬಹುದು. ಸಿಸೇರಿಯನ್ ಆಗಿದ್ದರೆ ವೈದ್ಯರು ಹೇಳಿದ ಮೇಲೆ. ಮಲಗಿದಲ್ಲಿಂದ ನೇರವಾಗಿ ಎದ್ದು ಕೂರುವಂಥ ಕಸರತ್ತು ಮೊದಮೊದಲು ಬೇಡ. ಹಾಗೆ ಏಳುವಾಗ ಹೊಟ್ಟೆಯ ನಡುವೆ ದಿಣ್ಣೆ ಉಬ್ಬಿದರೆ ಡಾಬು ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ಸೀರೆ ಬೆನ್ನಿಗೆ ಒಳ್ಳೆಯ ಆಸರೆ. ಸ್ನಾಯುವಿನ ಕೆಲಸವನ್ನು ಅದು ಮಾಡಿಕೊಡದು; ತೀರಾ ಬಿಗಿದರೆ ಒತ್ತಡವೆಲ್ಲ ಕೆಳಕ್ಕಿಳಿದು ಗರ್ಭಕೋಶ, ಮೂತ್ರಕೋಶಗಳನ್ನು ಹೊರುವ ಸ್ನಾಯುಗಳ ಮೇಲೆ ಬೀಳುತ್ತದೆ.

ಬಸಿರಿನಲ್ಲೇ ಇದಕ್ಕೆ ತಯಾರಾಗಬಹುದು. ತೊಂದರೆಯಿಲ್ಲದ ಬಸುರಿಯರು, ಬಾಣಂತಿಯರು ವಾರಕ್ಕೆ 150 ನಿಮಿಷ ನಡಿಗೆಯಂಥ ಸಾಧಾರಣ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರಕ್ತಸ್ರಾವ, ತಲೆಸುತ್ತು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಹಾಸಿಗೆಯಿಂದ ಏಳುವಾಗ ನೇರವಾಗಿ ಏಳದೆ ಮಗ್ಗುಲಾಗಿ, ಕೈಯೂರಿ ಏಳಬೇಕು.

ಎರಡನೆಯ ಹೆರಿಗೆಯಾಗಿ ಎಂಟನೆಯ ವಾರ ಮಲಗಿ, ತಲೆ ತುಸು ಎತ್ತಿ, ಹೊಕ್ಕುಳ ಮೇಲೆ ಬೆರಳಿಟ್ಟು ನೋಡಿದೆ. ಎರಡು ಸ್ನಾಯುಗಳ ನಡುವಿನ ಸಂದಿನಲ್ಲಿ ಮೂರು ಬೆರಳು ಅಡ್ಡಡ್ಡ ಇಳಿದವು. ಎರಡು ಬೆರಳಿಗಿಂತ ಹೆಚ್ಚಿದ್ದರೆ ತಜ್ಞರಿಗೆ ತೋರಿಸುವುದು ಒಳ್ಳೆಯದು. ಆರು ತಿಂಗಳಾದ ಮೇಲೆ ಒಂದೂವರೆ ಬೆರಳು. ಹೊಟ್ಟೆಯ ಚರ್ಮ ಈಗಲೂ ಸುಕ್ಕಾಗಿಯೇ ಇದೆ. ಆದರೆ ಉಸಿರು ಬಿಡುತ್ತಾ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಾಗ ಬೆನ್ನು ನೋಯುವುದಿಲ್ಲ.